ಬೆನ್ನುಚೀಲದವರ ಊರಿನಲ್ಲಿ ಏಳು ತಿಂಗಳು

‘ದೇಶ ಸುತ್ತು, ಕೋಶ ಓದು’ ಎಂದು ಹಿರಿಯರು ಹೇಳುವರು. ಬಿ.ಎ. ಮುಗಿಯುವವರೆಗೂ ನಾನು ಸುತ್ತಿದ ದೇಶವೆಂದರೆ ಮಂಡ್ಯದಿಂದ ಮೈಸೂರು, ಮೈಸೂರಿನಿಂದ ಮಂಡ್ಯ. ಓದಿದ ಕೋಶದ ವಿಚಾರವನ್ನು ನನ್ನ ಗುರುಗಳೂ ಓದುವ ಈ ಸಂಚಿಕೆಯಲ್ಲಿ ಎತ್ತದಿರುವುದೇ ಲೇಸು. ಇಂತಹ ನನಗೆ 2025ರ ಏಪ್ರಿಲಿನಿಂದ ಅಕ್ಟೋಬರಿನವರೆಗೆ ಆಸ್ಟ್ರೇಲಿಯದ ಈಶಾನ್ಯ ಕರಾವಳಿಯಲ್ಲಿ ಕಾಲ ಕಳೆಯುವ ಯೋಗ ಬಂದಿತು. ಮರಳಿ ಬಂದು ಎಂ.ಎ. ತರಗತಿಗೆ ಸೇರಿದ ಮೇಲೆ ಗೆಳೆಯರೆಲ್ಲರೂ ಕೇಳಿದ ಪ್ರಶ್ನೆ ಒಂದೇ: “ಅಲ್ಲಿ ಏನು ಮಾಡಿದೆ?” ಈ ಸಂಚಿಕೆಯ ಸಂಪಾದಕರೂ ಅದನ್ನೇ ಕೇಳಿದರು. ಎಲ್ಲರಿಗೂ ಬೇರೆಬೇರೆಯಾಗಿ ಹೇಳುವುದಕ್ಕಿಂತ ಒಮ್ಮೆಗೇ ಬರೆದುಬಿಡುವುದು ಮೇಲೆಂದು ಈ ಲೇಖನಕ್ಕೆ ಕೈಹಾಕಿದ್ದೇನೆ.

ಮೊದಲು ಹೋದ ಬಗೆಯನ್ನು ಹೇಳಬೇಕು. ಅನ್ಯದೇಶದ ತರುಣರು ಒಂದು ವರ್ಷ ಬಂದು ತಿರುಗಾಡಲಿ, ತಿರುಗಾಟದ ಖರ್ಚಿಗೆ ಅಲ್ಲಿಯೇ ದುಡಿಯಲಿ ಎಂದು ಆಸ್ಟ್ರೇಲಿಯ ಸರ್ಕಾರವು 1975ರಿಂದ ಒಂದು ಬಗೆಯ ವೀಸಾ ಕೊಡುತ್ತ ಬಂದಿದೆ. ಭಾರತೀಯರಿಗೆ ಈ ಬಾಗಿಲು ತೆರೆದುದು 2024ರಲ್ಲಿ. ವರ್ಷಕ್ಕೆ 1,000 ಮಂದಿಗೆ ಮಾತ್ರ ಅವಕಾಶ, ವಯಸ್ಸು 18ರಿಂದ 30ರೊಳಗೆ ಇರಬೇಕು, ಪ್ರೌಢಶಿಕ್ಷಣದ ಮೇಲೆ ಎರಡು ವರ್ಷವಾದರೂ ಓದಿರಬೇಕು, ಇಂಗ್ಲಿಷ್ ತಿಳಿದಿರಬೇಕು. ಅರ್ಜಿ ಹಾಕಿದವರಲ್ಲಿ ಯಾರಿಗೆ ಕೊಡಬೇಕೆಂಬುದನ್ನು ಚೀಟಿ ಎತ್ತಿ ನಿಶ್ಚಯಿಸುವರು. ನನ್ನ ಚೀಟಿ ಬಂದಿತು. ಜೀವಮಾನದಲ್ಲಿ ಗಣಪತಿ ಉತ್ಸವದ ಲಾಟರಿಯಲ್ಲಿ ಒಂದು ಸ್ಟೀಲು ಲೋಟವನ್ನೂ ಗೆಲ್ಲದ ನನಗೆ ಇದು ಹೇಗೆ ಬಂದಿತೆಂಬುದು ಇಂದಿಗೂ ಆಶ್ಚರ್ಯವೇ. ತಂದೆಯವರು ಎರಡು ಹಸುಗಳನ್ನು ಮಾರಿ, ಸಾಲದುದಕ್ಕೆ ಸೊಸೈಟಿಯಲ್ಲಿ ಸಾಲಮಾಡಿ ನನ್ನನ್ನು ಕಳುಹಿಸಿದರು. ಆದುದರಿಂದ ನನ್ನದು ಬರಿಯ ವಿಹಾರವಾಗಿರಲಿಲ್ಲ. ಆ ಹಸುಗಳ ಋಣ ಬೆನ್ನುಚೀಲದ ಜೊತೆಗೇ ಬಂದಿತ್ತು.

ನಾನು ಇಳಿದ ಊರು ಕ್ವೀನ್ಸ್‌ಲೆಂಡ್ ರಾಜ್ಯದ ಕೇರ್ನ್ಸ್. ಬರೆಯುವುದು ಹಾಗೆ, ಊರಿನವರ ಬಾಯಲ್ಲಿ ಅದು ‘ಕ್ಯಾನ್ಸ್’ ಎಂದೇ ಕೇಳಿಸುತ್ತದೆ. ಇದು ಸಮಭಾಜಕ ವೃತ್ತದಿಂದ ದಕ್ಷಿಣಕ್ಕೆ ಸುಮಾರು 17 ಡಿಗ್ರಿಯಲ್ಲಿದೆ. ನಮ್ಮ ವಿಜಯಪುರವು ಉತ್ತರಕ್ಕೆ ಹೆಚ್ಚುಕಡಮೆ ಅಷ್ಟೇ ದೂರದಲ್ಲಿದೆ. ಭೂಪಟವನ್ನು ಸಮಭಾಜಕ ವೃತ್ತದ ಗುಂಟ ಮಡಿಸಿದರೆ ಎರಡು ಊರುಗಳೂ ಒಂದೇ ಅಡ್ಡಗೆರೆಯ ಮೇಲೆ ಬೀಳುತ್ತವೆ. ಆದರೆ ಸಾಮ್ಯ ಅಲ್ಲಿಗೇ ಮುಗಿಯಿತು. ವಿಜಯಪುರದ ಬಯಲು ಮಳೆಗಾಗಿ ಬಾಯಿ ಬಿಡುತ್ತದೆ. ಇಲ್ಲಿ ಪೂರ್ವಸಮುದ್ರದ ಮೇಲಿಂದ ಬೀಸುವ ತೇವದ ಗಾಳಿ ದಡದ ಬೆಟ್ಟಸಾಲಿಗೆ ತಾಗಿ ಧೋ ಎಂದು ಸುರಿಯುತ್ತದೆ. ನವೆಂಬರಿನಿಂದ ಏಪ್ರಿಲಿನವರೆಗೆ ಮಳೆಗಾಲ; ನಮ್ಮ ಬೇಸಗೆಯ ಕೊನೆಯಲ್ಲಿ ಅವರ ಒಣಗಾಲ ಮೊದಲು. ನಮ್ಮ ಭೂಗೋಳದ ಅಧ್ಯಾಪಕರು ಪಶ್ಚಿಮಘಟ್ಟದ ಮಳೆಯನ್ನು ಕರಿಹಲಗೆಯ ಮೇಲೆ ಬಾಣಗುರುತು ಹಾಕಿ ತೋರಿಸುತ್ತಿದ್ದುದನ್ನು ಅಲ್ಲಿ ಬಟ್ಟೆ ಒಣಗದೆ ಕುಳಿತಾಗ ಕೃತಜ್ಞತೆಯಿಂದ ನೆನೆದೆನು.

ಒಳನಾಡಿನ ಚಿನ್ನದ ಗಣಿಗಳಿಗೆ ಬಂದರಾಗಲೆಂದು 1876ರಲ್ಲಿ ಈ ಊರನ್ನು ಕಟ್ಟಿದರು. ಆದರೆ ಅದಕ್ಕೂ ಸಹಸ್ರಾರು ವರ್ಷ ಮೊದಲಿನಿಂದ ಅಲ್ಲಿ ಯಿದಿಂಜಿ, ಯಿರ್ಗಂಜಿ ಮೊದಲಾದ ಮೂಲನಿವಾಸಿ ಜನ ಬಾಳುತ್ತಿದ್ದರು. ಅವರು ಈ ನೆಲವನ್ನು ಕರೆಯುವುದು ‘ಗಿಮುಯ್’ ಎಂದು. ಅದು ಅಲ್ಲಿನ ಒಂದು ಬಗೆಯ ಅತ್ತಿಮರದ ಹೆಸರು. ಈಗ ಸಭೆ ಸಮಾರಂಭಗಳ ಮೊದಲಿಗೆ ಆ ಜನರನ್ನು ಸ್ಮರಿಸುವ ಪದ್ಧತಿ ಬಂದಿದೆ.

ಇನ್ನು ಬೆನ್ನುಚೀಲದವರ ವಿಷಯ. ಇಂಗ್ಲಿಷಿನಲ್ಲಿ ಇವರನ್ನು ಬ್ಯಾಕ್‌ಪ್ಯಾಕರುಗಳೆನ್ನುವರು. ಒಂದು ದೊಡ್ಡ ಚೀಲದಲ್ಲಿ ಸಂಸಾರವನ್ನೆಲ್ಲ ತುಂಬಿ ಬೆನ್ನಿಗೇರಿಸಿಕೊಂಡು, ಅಗ್ಗದಲ್ಲಿ ಉಳಿದು, ಅಗ್ಗದಲ್ಲಿ ತಿಂದು, ತಿಂಗಳುಗಟ್ಟಲೆ ತಿರುಗುವ ತರುಣ ತರುಣಿಯರು ಇವರು. ಇಂಗ್ಲೆಂಡ್, ಜರ್ಮನಿ, ಫ್ರಾನ್ಸ್, ಜಪಾನ್, ಕೊರಿಯ ಎಲ್ಲಿಂದಲೂ ಬರುವರು. ಇವರಿಗಾಗಿ ಊರಿನಲ್ಲಿ ಹಾಸ್ಟೆಲುಗಳಿವೆ. ನನ್ನ ಕೋಣೆಯಲ್ಲಿ ಒಂದರ ಮೇಲೊಂದರಂತೆ ಎಂಟು ಮಂಚಗಳು. ಅಡುಗೆಮನೆ ಎಲ್ಲರಿಗೂ ಒಂದೇ. ತಂಗಳುಪೆಟ್ಟಿಗೆಯಲ್ಲಿ ಇಡುವ ಪ್ರತಿಯೊಂದು ಪೊಟ್ಟಣದ ಮೇಲೂ ಹೆಸರು ಮತ್ತು ಹೊರಡುವ ದಿನಾಂಕ ಬರೆಯಬೇಕು. ಊರು ಬಿಡುವವರು ಉಳಿಸಿಹೋದ ಅಕ್ಕಿ, ಎಣ್ಣೆ, ಉಪ್ಪುಗಳಿಗೆ ಒಂದು ಪ್ರತ್ಯೇಕ ಕಪಾಟು ಉಂಟು, ಬೇಕಾದವರು ತೆಗೆದುಕೊಳ್ಳಬಹುದು. ನನ್ನ ಮೊದಲ ಹತ್ತು ದಿನದ ಅನ್ನವು ಗುರುತಿಲ್ಲದ ಪುಣ್ಯಾತ್ಮರ ಅಕ್ಕಿಯಿಂದಲೇ ಆಯಿತು. ಸಾರಿನ ಪುಡಿ ಮಾತ್ರ ನಮ್ಮ ತಾಯಿಯವರದು. ಅದರ ವಾಸನೆಗೆ ಜರ್ಮನಿಯ ಒಬ್ಬ ತರುಣನು ಬಂದು ಬಟ್ಟಲು ಚಾಚಿದನು. ನಮ್ಮ ಸ್ನೇಹ ಅಲ್ಲಿಂದ ಮೊದಲಾಯಿತು.

ಹಾಸ್ಟೆಲಿನಲ್ಲಿ ಬೆಂಕಿಯ ಗಂಟೆಯ ಅಭ್ಯಾಸವನ್ನು ಬಹು ಕಟ್ಟುನಿಟ್ಟಾಗಿ ಮಾಡಿಸುವರು. ಇದು ಅತಿಯಾಯಿತೆಂದು ಮೊದಲು ನನಗೆ ತೋರಿತು. ಇದೇ ರಾಜ್ಯದ ದಕ್ಷಿಣದಲ್ಲಿರುವ ಚಿಲ್ಡರ್ಸ್ ಎಂಬ ಊರಿನಲ್ಲಿ 2000ದ ಜೂನಿನಲ್ಲಿ ಇಂತಹ ಹಾಸ್ಟೆಲೊಂದಕ್ಕೆ ಬೆಂಕಿ ಬಿದ್ದು 15 ಮಂದಿ ತರುಣರು ಸತ್ತರೆಂಬುದನ್ನು ತಿಳಿದ ಮೇಲೆ ನಾನು ನಗುವುದನ್ನು ಬಿಟ್ಟೆನು.

ಸಮುದ್ರದ ಊರೆಂದ ಮೇಲೆ ಇಳಿದೊಡನೆ ಮರಳಿನ ದಂಡೆ ಕಾಣುವುದೆಂದು ನಾನು ಭಾವಿಸಿದ್ದೆನು. ಕೇರ್ನ್ಸ್ ಊರಿನ ಮುಂದೆ ಮರಳಿಲ್ಲ. ಇಳಿತದ ಹೊತ್ತಿನಲ್ಲಿ ಫರ್ಲಾಂಗುಗಟ್ಟಲೆ ಕೆಸರು, ಅಂಚಿನಲ್ಲಿ ಕಾಂಡ್ಲಾ ಮರಗಳು, ಕೆಸರನ್ನು ಕೆದಕುವ ಕೊಕ್ಕುದ್ದದ ಹಕ್ಕಿಗಳು. ಈ ಕೊರತೆಯನ್ನು ತುಂಬಲು ನಗರಸಭೆಯವರು 2003ರಲ್ಲಿ ದಡದ ಮೇಲೆಯೇ 4,800 ಚದರ ಮೀಟರಿನ ಉಪ್ಪುನೀರಿನ ಕೊಳವೊಂದನ್ನು ಕಟ್ಟಿಸಿದರು. ಇದನ್ನು ಲಗೂನ್ ಎನ್ನುವರು. ಪ್ರವೇಶಕ್ಕೆ ಕಾಸಿಲ್ಲ, ಕಾವಲಿಗೆ ರಕ್ಷಕರು ಇರುವರು. ನಡೆಯಲು ಬಾರದ ಕೂಸುಗಳನ್ನೂ ತಾಯಂದಿರು ನೀರಿಗೆ ಬಿಡುತ್ತಿದ್ದರು. ಅವು ಕಪ್ಪೆಮರಿಗಳಂತೆ ಕಾಲಾಡಿಸುತ್ತಿದ್ದವು. ನಾನು ದಡದಲ್ಲಿ ಪ್ಯಾಂಟು ಮಡಿಸಿಕೊಂಡು ಪಾದ ಮಾತ್ರ ನೆನೆಸಿ ಕುಳಿತಿರುತ್ತಿದ್ದೆನು.

ಇದಕ್ಕೆ ಕಾರಣವನ್ನು ಮುಚ್ಚಿಡುವುದಿಲ್ಲ. ನನಗೆ ಈಜು ಬಾರದು. ನಾನು ಎಂಟನೆಯ ತರಗತಿಯಲ್ಲಿದ್ದಾಗ ನನ್ನ ಚಿಕ್ಕಪ್ಪನ ಮಗ, ನನಗಿಂತ ಎರಡು ವರ್ಷ ಹಿರಿಯವನು, ಬೇಸಗೆಯ ಒಂದು ಮಧ್ಯಾಹ್ನ ನಾಲೆಗೆ ಇಳಿದು ಹೋದವನು ಮತ್ತೆ ಬರಲಿಲ್ಲ. ಗೆಳೆಯರು ಕರೆದರೆಂದು ಇಳಿದಿದ್ದನು. ಈಜು ಬಾರದೆಂದು ಹೇಳಲು ನಾಚಿಕೆಪಟ್ಟಿದ್ದನು. ಅಂದಿನಿಂದ ನಮ್ಮ ಮನೆಯಲ್ಲಿ ನೀರಿನ ಹತ್ತಿರ ಸುಳಿಯುವುದೇ ನಿಷಿದ್ಧವಾಯಿತು. ವಿಮಾನ ಹತ್ತುವ ದಿನವೂ ತಾಯಿಯವರು ಹೇಳಿದ್ದು ಒಂದೇ ಮಾತು: “ಏನಾರ ಮಾಡ್ಕೊ ಮಗ, ನೀರ್ತಾವ ಮಾತ್ರ ಹೋಗ್ಬ್ಯಾಡ ಕಣಪ್ಪ.” ಹೋಗುವುದೇ ಕಡಲಿನ ಊರಿಗೆಂದು ಅವರಿಗೆ ಹೇಳುವ ಧೈರ್ಯ ನನಗಿರಲಿಲ್ಲ.

ಆದುದರಿಂದ ಮೊದಲ ಸಂಚಾರಗಳನ್ನು ನಾನು ನೆಲದ ಮೇಲೆಯೇ ಮಾಡಿದೆನು. ಕೇರ್ನ್ಸ್‌ನಿಂದ ಬೆಟ್ಟದ ಮೇಲಿನ ಕುರಾಂಡ ಎಂಬ ಹಳ್ಳಿಗೆ 1891ರಲ್ಲಿ ಮುಗಿಸಿದ ರೈಲುದಾರಿ ಇದೆ. ಕೂಲಿಗಳು ಕೈಯಿಂದಲೇ ಕೊರೆದ 15 ಸುರಂಗಗಳು ಈ ದಾರಿಯಲ್ಲಿವೆ. ಗಣಿಯ ಜನರಿಗೆ ಮಳೆಗಾಲದಲ್ಲಿ ಆಹಾರ ಸಾಗಿಸಲು ಹಾಕಿದ ಈ ದಾರಿಯಲ್ಲಿ ಈಗ ಸಾಗುವುದು ನೋಟಕರು ಮಾತ್ರ. ಬ್ಯಾರನ್ ಜಲಪಾತದ ಬಳಿ ರೈಲು ನಿಂತಾಗ ಎಲ್ಲರೂ ಇಳಿದು ಚಿತ್ರ ತೆಗೆಯುವರು. ನಮ್ಮ ಸಕಲೇಶಪುರದ ಘಟ್ಟವನ್ನು ಕಂಡವರಿಗೆ ನೋಟ ಹೊಸದಲ್ಲ. ಆದರೆ ಅಷ್ಟು ದೂರದಲ್ಲಿ ಪರಿಚಿತ ಮುಖವನ್ನು ಕಂಡಂತಹ ಸಂತೋಷ.

ಉತ್ತರಕ್ಕೆ ಹೋದರೆ ಡೇನ್‌ಟ್ರೀ ಕಾಡು. ಹೊಳೆಯನ್ನು ತಂತಿಯ ಹಗ್ಗಕ್ಕೆ ಕಟ್ಟಿದ ದೋಣಿಯಲ್ಲಿ ಮೋಟಾರು ಸಮೇತ ದಾಟಬೇಕು. ಭೂಮಿಯ ಮೇಲಿನ ಅತಿ ಪುರಾತನ ಮಳೆಕಾಡುಗಳಲ್ಲಿ ಇದೊಂದು; 1988ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. 2021ರಲ್ಲಿ ಸರ್ಕಾರವು ಈ ರಾಷ್ಟ್ರೀಯ ಉದ್ಯಾನದ ಒಡೆತನವನ್ನು ಅದರ ಮೂಲ ಒಡೆಯರಾದ ಪೂರ್ವ ಕುಕು ಯಲಂಜಿ ಜನರಿಗೆ ಮರಳಿಸಿತು. ಮನುಷ್ಯನೆತ್ತರದ, ತಲೆಯ ಮೇಲೆ ಕೊಂಬಿನ ಕಿರೀಟವಿರುವ, ಹಾರಲಾರದ ಕ್ಯಾಸೊವರಿ ಹಕ್ಕಿ ಇಲ್ಲಿ ವಾಸಿಸುತ್ತದೆ. ಅದು ನುಂಗಿದ ದೊಡ್ಡ ಹಣ್ಣುಗಳ ಬೀಜಗಳು ಅದರ ಹಿಕ್ಕೆಯೊಡನೆ ದೂರದೂರ ಬಿದ್ದು ಮೊಳೆಯುತ್ತವೆ. ಹಕ್ಕಿಯಿಲ್ಲದಿದ್ದರೆ ಎಷ್ಟೋ ಮರಗಳು ತಾಯಿಯ ಬುಡದಲ್ಲಿಯೇ ಉಳಿದುಬಿಡುತ್ತಿದ್ದವು. ಇಲ್ಲಿ ಕಾಡು ಕಡಲವರೆಗೂ ಇಳಿದು ಬರುತ್ತದೆ. ಆ ಭೂಶಿರಕ್ಕೆ ಟ್ರಿಬ್ಯುಲೇಷನ್, ಎಂದರೆ ಸಂಕಟ, ಎಂಬ ಹೆಸರನ್ನಿಟ್ಟವನು ನಾವಿಕ ಜೇಮ್ಸ್ ಕುಕ್. 1770ರ ಜೂನ್ 11ರ ರಾತ್ರಿ ಅವನ ಹಡಗು ಇಲ್ಲಿಗೆ ಹತ್ತಿರದ ಹವಳದ ದಿಬ್ಬಕ್ಕೆ ಬಡಿಯಿತು. ಹಡಗನ್ನು ಹಗುರಮಾಡಲು ಫಿರಂಗಿಗಳನ್ನೇ ಸಮುದ್ರಕ್ಕೆ ಎಸೆದರು. ಅವು 1969ರಲ್ಲಿ ಮತ್ತೆ ದೊರೆತವು. ಹಡಗಿನ ದುರಸ್ತಿಗೆಂದು ತಂಗಿದ್ದಾಗ ಅಲ್ಲಿನ ಗೂಗು ಯಿಮಿದಿರ್ ಜನರಿಂದ ಕಲಿತ ಮಾತೇ ‘ಕಾಂಗರೂ’.

ಊರಿನ ಹೊರಗೆ ಎತ್ತ ನೋಡಿದರೂ ಕಬ್ಬು. ಮಂಡ್ಯದವನಿಗೆ ಇದಕ್ಕಿಂತ ಹೆಚ್ಚಿನ ಸ್ವಾಗತ ಬೇಕೆ? ಆದರೆ ಎತ್ತಿನ ಗಾಡಿಯಿಲ್ಲ, ಆಲೆಮನೆಯಿಲ್ಲ. ಕಡಿಯುವುದು ಯಂತ್ರ, ಸಾಗಿಸುವುದು ಆಟಿಕೆಯಂತಹ ಸಣ್ಣ ರೈಲು. ಈ ಕಬ್ಬಿನಲ್ಲಿ ಎರಡು ಕಹಿ ಕಥೆಗಳಿವೆ. 1863ರಿಂದ 1904ರವರೆಗೆ ಶಾಂತಸಾಗರದ ದ್ವೀಪಗಳಿಂದ ಸುಮಾರು 62,000 ಆಳುಗಳನ್ನು, ಅನೇಕರನ್ನು ಮೋಸದಿಂದ ಅಥವಾ ಬಲಾತ್ಕಾರದಿಂದ, ಕ್ವೀನ್ಸ್‌ಲೆಂಡಿಗೆ ತಂದರು. ಬಿಳಿಯರ ದೇಶವಾಗಬೇಕೆಂದು 1901ರಲ್ಲಿ ಕಾನೂನು ಮಾಡಿ ಬಹುಮಂದಿಯನ್ನು ಹಿಂದಕ್ಕೆ ಅಟ್ಟಿದರು. ಎರಡನೆಯದು ಕಪ್ಪೆಯ ಕಥೆ. ಕಬ್ಬಿನ ಬೇರು ತಿನ್ನುವ ಗೊಣ್ಣೆಹುಳುವಿನ ಕಾಟ ತಪ್ಪಿಸಲು 1935ರಲ್ಲಿ ಹವಾಯಿಯಿಂದ ಒಂದು ಜಾತಿಯ ನೆಲಗಪ್ಪೆಯನ್ನು ತಂದು ಕೇರ್ನ್ಸ್ ಸಮೀಪದ ಗಾರ್ಡನ್‌ವೇಲ್‌ನಲ್ಲಿ ಬಿಟ್ಟರು. ಹುಳು ಮಣ್ಣಿನೊಳಗೆ, ಅದರ ದುಂಬಿ ಕಬ್ಬಿನ ತುದಿಯಲ್ಲಿ, ಕಪ್ಪೆ ಮಾತ್ರ ನೆಲದ ಮೇಲೆ! ಹುಳು ಕಡಮೆಯಾಗಲಿಲ್ಲ, ಮೈಯಲ್ಲಿ ವಿಷವುಳ್ಳ ಕಪ್ಪೆ ದೇಶದ ಉತ್ತರಭಾಗವನ್ನೆಲ್ಲ ವ್ಯಾಪಿಸಿ, ಅದನ್ನು ತಿಂದ ಕಾಡುಪ್ರಾಣಿಗಳನ್ನು ಕೊಲ್ಲುತ್ತಿದೆ. ತಿಳಿಯದುದನ್ನು ತಿಳಿದೆವೆಂದು ಹೊರಟರೆ ಆಗುವ ಫಲವಿದು. ಈ ನೀತಿಯನ್ನು ನಾನು ಕಪ್ಪೆಗೆ ಅನ್ವಯಿಸಿಕೊಂಡೆನೇ ಹೊರತು ನನಗಲ್ಲ ಎಂಬುದು ಮುಂದಿನ ಸಂಗತಿಯಿಂದ ತಿಳಿಯುವುದು.

ಏಪ್ರಿಲಿನ ಕೊನೆಯಲ್ಲಿ ಹಾಸ್ಟೆಲಿನ ಆರು ಮಂದಿ ಗ್ರೇಟ್ ಬ್ಯಾರಿಯರ್ ರೀಫ್ ನೋಡಲು ದೋಣಿಯಲ್ಲಿ ಹೊರಟರು. ನಾನೂ ಹೊರಟೆನು. 2,300 ಕಿಲೋಮೀಟರು ಉದ್ದಕ್ಕೂ ಹಬ್ಬಿದ, ಸುಮಾರು 3,000 ದಿಬ್ಬಗಳ ಈ ಸಮೂಹವನ್ನು ಕಟ್ಟಿದ್ದು ಹವಳದ ಹುಳುವೆಂಬ ಅತ್ಯಲ್ಪ ಪ್ರಾಣಿ. ಅದು ಸಮುದ್ರದ ನೀರಿನಿಂದ ಸುಣ್ಣವನ್ನು ತೆಗೆದು ತನ್ನ ಸುತ್ತ ಗೂಡು ಕಟ್ಟಿಕೊಳ್ಳುತ್ತದೆ. ಅದರ ಮೈಯೊಳಗೆ ಅದಕ್ಕಿಂತಲೂ ಸೂಕ್ಷ್ಮವಾದ ಪಾಚಿ ಬಾಳುತ್ತದೆ. ಹುಳು ಪಾಚಿಗೆ ಮನೆ ಕೊಡುತ್ತದೆ. ಪಾಚಿ ಬಿಸಿಲಿನಿಂದ ಅಡುಗೆ ಮಾಡಿ ಹುಳುವಿಗೆ ಬಡಿಸುತ್ತದೆ, ಬಣ್ಣವನ್ನೂ ಕೊಡುತ್ತದೆ. ನೀರಿನ ಕಾವು ವಾಡಿಕೆಯ ಬೇಸಗೆಗಿಂತ ಒಂದೆರಡು ಡಿಗ್ರಿ ಏರಿ ಕೆಲವು ವಾರ ನಿಂತರೆ ಈ ಸಂಸಾರ ಒಡೆಯುತ್ತದೆ. ಹುಳು ಪಾಚಿಯನ್ನು ಹೊರಗೆ ಹಾಕಿ ಬೆಳ್ಳಗಾಗುತ್ತದೆ. ಕಾವು ಬೇಗ ಇಳಿದರೆ ಚೇತರಿಸಿಕೊಳ್ಳಬಹುದು. ಇಲ್ಲವಾದರೆ ಹಸಿವಿನಿಂದ ಸಾಯುತ್ತದೆ. 1998, 2002, 2016, 2017, 2020, 2022, 2024 — ಈ ವರ್ಷಗಳಲ್ಲಿ ದಿಬ್ಬದ ಬಹುಭಾಗ ಹೀಗೆ ಬಿಳುಚಿಕೊಂಡಿತು. ಮೊದಲ ಎರಡರ ನಡುವೆ ನಾಲ್ಕು ವರ್ಷ, ಅನಂತರ ಹದಿನಾಲ್ಕು ವರ್ಷ ಬಿಡುವಿತ್ತು. ಈಚೆಗೆ ಸುಧಾರಿಸಿಕೊಳ್ಳಲೂ ಬಿಡುವಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು.

ದೋಣಿಯಲ್ಲಿ ಒಂದು ಕಾಗದವನ್ನು ಕೊಟ್ಟು ತುಂಬಿಸಿಕೊಂಡರು. ಅದರಲ್ಲಿ ಒಂದು ಪ್ರಶ್ನೆ: “ನಿಮಗೆ ಈಜು ಬರುವುದೇ?” ಪಕ್ಕದಲ್ಲಿ ಜರ್ಮನಿಯ ಗೆಳೆಯನು ಕುಳಿತಿದ್ದನು, ಎದುರಿಗೆ ಇಬ್ಬರು ಹುಡುಗಿಯರು. ನಾನು ‘ಹೌದು’ ಎಂದು ಗುರುತು ಹಾಕಿದೆನು. ಅಷ್ಟು ಸಣ್ಣ ಗೆರೆ ಎಳೆಯಲು ಎಷ್ಟು ಹೊತ್ತು?

ಮೈಗೆ ಅಂಟುವ ನೀಲಿ ಅಂಗಿಯನ್ನು ತೊಡಿಸಿದರು. ಇದು ಚಳಿಗಲ್ಲ, ಲೋಳೆಮೀನಿಗಾಗಿ. ನವೆಂಬರಿನಿಂದ ಮೇವರೆಗೆ ಈ ಕಡಲಿನಲ್ಲಿ ಪ್ರಾಣ ತೆಗೆಯಬಲ್ಲ ಪೆಟ್ಟಿಗೆ ಲೋಳೆಮೀನೂ, ಉಗುರಿನಷ್ಟೇ ಗಾತ್ರದ ಇರುಕಾಂಜಿ ಎಂಬುದೂ ಇರುತ್ತವೆ. ಎರಡನೆಯದರ ಕುಟುಕು ಮೊದಲಿಗೆ ತಿಳಿಯುವುದೇ ಇಲ್ಲ. ಅರ್ಧ ಗಂಟೆಯ ಅನಂತರ ಬೆನ್ನು, ಹೊಟ್ಟೆ, ಕೈಕಾಲುಗಳಲ್ಲಿ ಭಯಂಕರ ನೋವು. ಕಾರಣವೇನೆಂದು ಬಹುಕಾಲ ಯಾರಿಗೂ ತಿಳಿದಿರಲಿಲ್ಲ. 1961ರಲ್ಲಿ ಕೇರ್ನ್ಸ್‌ನ ವೈದ್ಯ ಜ್ಯಾಕ್ ಬಾರ್ನ್ಸ್ ಎಂಬುವರು ಈ ಪ್ರಾಣಿಯನ್ನು ಹಿಡಿದು ತಮಗೂ, ತಮ್ಮ ಒಂಬತ್ತು ವರ್ಷದ ಮಗನಿಗೂ, ಒಬ್ಬ ಜೀವರಕ್ಷಕನಿಗೂ ಕುಟುಕಿಸಿ ಪರೀಕ್ಷಿಸಿದರು. ಮೂವರೂ ಆಸ್ಪತ್ರೆ ಸೇರಿ ಬದುಕಿದರು. ಪ್ರಾಣಿಗೆ ಶಾಸ್ತ್ರದಲ್ಲಿ ಆ ವೈದ್ಯರ ಹೆಸರನ್ನೇ ಇಟ್ಟಿದ್ದಾರೆ. ವಿಜ್ಞಾನದ ಈ ನಿಷ್ಠೆಯನ್ನು ಮೆಚ್ಚಬೇಕೋ, ಆ ಹುಡುಗನ ತಾಯಿಯನ್ನು ನೆನೆದು ಮರುಗಬೇಕೋ, ನಾನು ನಿಶ್ಚಯಿಸಲಾರೆ.

ಗಾಜಿನ ಮುಖವಾಡ, ಉಸಿರಿನ ಕೊಳವೆ ಕಟ್ಟಿಕೊಂಡು ಮೆಟ್ಟಿಲಿನಿಂದ ಇಳಿದೆನು. ಮುಖವನ್ನು ನೀರಿನಲ್ಲಿ ಅದ್ದಿದೊಡನೆ ಕಂಡ ಲೋಕವನ್ನು ಮರೆಯಲಾರೆ. ಕೊಂಬೆಕೊಂಬೆಯಾಗಿ ಬೆಳೆದ ಹವಳ, ಅದರ ನಡುವೆ ಅರಿಸಿನ, ಕುಂಕುಮ, ನೀಲಿ ಬಣ್ಣದ ಮೀನುಗಳು. ಅಲ್ಲಲ್ಲಿ ಎಲುಬಿನಂತೆ ಬಿಳುಚಿದ ಒಂದೊಂದು ಕೊಂಬೆ. ನೋಡುತ್ತ ಮೆಟ್ಟಿಲಿನ ಕಂಬಿಯಿಂದ ಕೈ ಬಿಟ್ಟೆನು. ಒಂದು ಅಲೆ ಬಂದಿತು. ಕೊಳವೆಯೊಳಗೆ ನೀರು ನುಗ್ಗಿತು. ಕಾಲಿಗೆ ನೆಲ ಸಿಗಲಿಲ್ಲ. ಕೂಗಲು ಬಾಯಿ ತೆರೆದರೆ ಮತ್ತೆ ಉಪ್ಪುನೀರು. ಮುಳುಗುವವನು ಕೈಯೆತ್ತಿ ಕೂಗುವನೆಂದು ನಾವು ಸಿನಿಮಾದಲ್ಲಿ ನೋಡುತ್ತೇವೆ, ಅದು ಸುಳ್ಳು. ಮುಳುಗುವವನಿಗೆ ಕೂಗಲು ಉಸಿರಿರುವುದಿಲ್ಲ, ಬೀಸಲು ಕೈ ಬಿಡುವಿರುವುದಿಲ್ಲ. ಹತ್ತು ಮಾರು ದೂರದಲ್ಲಿದ್ದ ಗೆಳೆಯನು ನನ್ನನ್ನು ನೋಡಿಯೂ ನಾನು ಆಟವಾಡುತ್ತಿರುವೆನೆಂದು ತಿಳಿದನಂತೆ. ದೋಣಿಯ ಕಾವಲುಗಾತಿ ಮಾತ್ರ ತಿಳಿದಳು. ತೇಲುಬಳೆಯೊಡನೆ ಹಾರಿ ಬಂದು ನನ್ನ ಕಂಕುಳಲ್ಲಿ ಅದನ್ನು ತುರುಕಿದಳು.

ದೋಣಿಯ ಮೇಲೆ ಕುಳಿತು ಕೆಮ್ಮುತ್ತಿದ್ದ ನನ್ನನ್ನು ಅವಳು ಬೈಯಲಿಲ್ಲ. ‘ಇಲ್ಲ’ ಎಂದು ಬರೆದಿದ್ದರೆ ಮೊದಲೇ ತೇಲುವ ಸಾಧನ ಕೊಟ್ಟು, ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದೆವು, ದಿನವೂ ಎಷ್ಟೋ ಜನ ಹಾಗೆ ಬರೆಯುತ್ತಾರೆ ಎಂದಳು. ಅಷ್ಟೇ. ನನಗೆ ನಾಲೆಯ ದಡ ನೆನಪಾಯಿತು. ನನ್ನ ಅಣ್ಣನು ಸತ್ತ ಕಾರಣವನ್ನು ಹನ್ನೊಂದು ವರ್ಷ ಬಲ್ಲ ನಾನು ಅದೇ ಕಾರಣಕ್ಕೆ ಸಾಯುವವನಿದ್ದೆನು.

ಮರುದಿನ ಬೆಳಗಿನ ಆರು ಗಂಟೆಗೆ ಲಗೂನಿಗೆ ಹೋದೆನು. ಎಪ್ಪತ್ತರ ಹತ್ತಿರದ ಒಬ್ಬ ಮುದುಕಿ ಅಲ್ಲಿ ದಿನವೂ ಈಜುತ್ತಿದ್ದರು. ಅವರ ಬಳಿ ಹೋಗಿ, “ನನಗೆ ಈಜು ಬಾರದು” ಎಂದೆನು. ಆ ಮೂರು ಮಾತುಗಳು ಬಾಯಿಂದ ಬೀಳಲು ಪಟ್ಟ ಕಷ್ಟವನ್ನು ಯಾವ ಪರೀಕ್ಷೆಯ ಕೊಠಡಿಯಲ್ಲಿಯೂ ಪಟ್ಟಿಲ್ಲ. ಅವರು ನಕ್ಕು, ಕೈ ಚಾಚಿದರು. ಅಲ್ಲಿ ಹಿರಿಯರನ್ನೂ ಹೆಸರು ಹಿಡಿದೇ ಕರೆಯುವರು; ನನಗೆ ಬಾಯಿ ಬರಲಿಲ್ಲ. ‘ಅಜ್ಜಿ’ ಎಂದೇ ಕರೆದೆನು. ಅದರ ಅರ್ಥ ತಿಳಿದ ಮೇಲೆ ಅವರು ಬೇರೆ ಹೆಸರಿಗೆ ಓಗೊಡಲೇ ಇಲ್ಲ. ಮೊದಲ ಮೂರು ದಿನ ಅವರು ಕೈಕಾಲು ಬಡಿಯಲು ಹೇಳಲಿಲ್ಲ. ಮುಖವನ್ನು ನೀರಿನಲ್ಲಿಟ್ಟು ಉಸಿರು ಬಿಡುವುದು, ಅನಂತರ ಅಂಗಾತ ಮಲಗಿ ಸುಮ್ಮನಿರುವುದು, ಇಷ್ಟೇ ಪಾಠ. ಎದೆಯಲ್ಲಿ ಗಾಳಿ ತುಂಬಿದ್ದರೆ ದೇಹ ತಾನಾಗಿ ತೇಲುತ್ತದೆ. ಉಪ್ಪುನೀರಿನಲ್ಲಿ ಇನ್ನೂ ಸುಲಭ. ತಲೆಯನ್ನು ಮೇಲೆತ್ತಲು ಹೆಣಗಿದಷ್ಟೂ ಕಾಲು ಕೆಳಗಿಳಿಯುತ್ತದೆ. ಮುಳುಗಿಸುವುದು ನೀರಿಗಿಂತ ಹೆಚ್ಚಾಗಿ ನಮ್ಮ ಗಾಬರಿ. ಮೇ ತಿಂಗಳ ಕೊನೆಗೆ ನಾನು ಕೊಳದ ಅಡ್ಡಗಲವನ್ನು ದಾಟಿದೆನು.

ಜೂನ್‌ನಿಂದ ಆಗಸ್ಟಿನವರೆಗೆ ದಕ್ಷಿಣದ ಇನಿಸ್‌ಫೇಲ್ ಬಳಿ ಬಾಳೆತೋಟದಲ್ಲಿ ದುಡಿದೆನು. ಆಸ್ಟ್ರೇಲಿಯದ ಬಾಳೆಹಣ್ಣಿನ ಬಹುಪಾಲು ಈ ಸೀಮೆಯಲ್ಲಿಯೇ ಬೆಳೆಯುವುದು. 2006ರಲ್ಲಿ ಲ್ಯಾರಿ, 2011ರಲ್ಲಿ ಯಾಸಿ ಎಂಬ ಚಂಡಮಾರುತಗಳು ಬೀಸಿದಾಗ ದೇಶಕ್ಕೆಲ್ಲ ಬಾಳೆಹಣ್ಣು ದುರ್ಲಭವಾಯಿತು. ಒಬ್ಬನು ಗಿಡವನ್ನು ಅರ್ಧ ಕಡಿದು ಬಾಗಿಸುವನು; ಇನ್ನೊಬ್ಬನು ಹೆಗಲೊಡ್ಡಿ ಗೊನೆಯನ್ನು ಹೊತ್ತು ಗಾಡಿಗೆ ಹಾಕಬೇಕು. ಒಂದು ಗೊನೆ ಒಂದು ಅಕ್ಕಿಮೂಟೆಯಂತೆ ಹೆಗಲನ್ನು ಒತ್ತುತ್ತದೆ. ಗೊನೆಯೊಳಗಿಂದ ಇಲಿ, ಜೇಡ, ಕೆಲವೊಮ್ಮೆ ಹಾವಿನ ಮರಿಯೂ ಇಳಿದು ಬರುವುದುಂಟು. 2025ರ ಜುಲೈಯಲ್ಲಿ ಅಲ್ಲಿನ ಕನಿಷ್ಠ ವೇತನ ಗಂಟೆಗೆ 24.95 ಡಾಲರು ಆಗಿದ್ದಿತು, ಕಾಯಮ್ಮಲ್ಲದ ಆಳಿಗೆ ಅದರ ಮೇಲೆ ಶೇಕಡ 25 ಹೆಚ್ಚು ಕೊಡುತ್ತಿದ್ದರು. ಸೊಸೈಟಿಯ ಸಾಲ ಅಲ್ಲಿಯೇ ತೀರಿತು. ಕೂಲಿಯವನೂ ಯಜಮಾನನೂ ಒಂದೇ ಮೇಜಿನಲ್ಲಿ ಕುಳಿತು ಚಹಾ ಕುಡಿಯುವುದನ್ನು ಕಂಡು, ನಮ್ಮೂರ ತೋಟಗಳಲ್ಲಿ ಆಳಿಗೆ ಬೇರೆ ಲೋಟವಿರುವುದನ್ನು ನೆನೆದು ತಲೆ ತಗ್ಗಿಸಿದೆನು.

ಇನ್ನು, ಗೆಳೆಯರು ದನಿ ತಗ್ಗಿಸಿ ಕೇಳುವ ರಾತ್ರಿಯ ವಿಷಯ. ಕೇರ್ನ್ಸ್‌ನ ರಾತ್ರಿ ಮೊದಲಾಗುವುದು ಬಾವಲಿಗಳಿಂದ. ಸಂಜೆ ಸಾವಿರಾರು ಹಣ್ಣುಬಾವಲಿಗಳು ಆಕಾಶವನ್ನು ತುಂಬಿ ಕಾಡಿನ ಕಡೆಗೆ ಹಾರುತ್ತವೆ. ಕಣ್ಣಿನ ಸುತ್ತ ಕನ್ನಡಕದಂತಹ ಗುರುತುಳ್ಳ ಈ ಜಾತಿಯಲ್ಲಿ 2018ರ ನವೆಂಬರಿನ ಬಿಸಿಗಾಳಿಗೆ ಸುಮಾರು 23,000 ಸತ್ತವಂತೆ. ಅನಂತರ ದಂಡೆಯ ಬೀದಿಯಲ್ಲಿ ರಾತ್ರಿಪೇಟೆ, ಪಾನಗೃಹಗಳ ದೀಪ, ಕುಣಿತದ ಮನೆಗಳ ಗುಡುಗು. ಒಳಗೆ ಬಿಡುವ ಮೊದಲು ಗುರುತಿನ ಚೀಟಿಯನ್ನು ಯಂತ್ರಕ್ಕೆ ಹಿಡಿಯುವರು. ಹಿಂದೆ ಜಗಳಮಾಡಿ ನಿಷೇಧಕ್ಕೆ ಒಳಗಾದವನು ಸಿಕ್ಕಿಬೀಳುತ್ತಾನೆ. ಹದಿನೆಂಟು ತುಂಬದವರಿಗೆ ಮದ್ಯವಿಲ್ಲ. ಬೆನ್ನುಚೀಲದವರ ಕೈಯಲ್ಲಿ ಕಾಸು ಕಡಮೆ. ಆದುದರಿಂದ ಅವರು ಹೊರಡುವ ಮೊದಲೇ ಹಾಸ್ಟೆಲಿನ ಅಂಗಳದಲ್ಲಿ ಅಗ್ಗದ ದ್ರಾಕ್ಷಾರಸ ಕುಡಿದುಕೊಳ್ಳುವರು. ಇದು ಕಾಗದದ ಪೆಟ್ಟಿಗೆಯೊಳಗೆ ಚೀಲದಲ್ಲಿ ಬರುತ್ತದೆ. 1965ರಲ್ಲಿ ಟಾಮಸ್ ಆ್ಯಂಗೋವ್ ಎಂಬ ಆಸ್ಟ್ರೇಲಿಯದವನು ಕಂಡುಹಿಡಿದ ಉಪಾಯ. ‘ಗೂನ್’ ಎಂಬುದು ಅದರ ಅಡ್ಡಹೆಸರು. ನಾನು ಒಂದು ಗುಟುಕು ರುಚಿ ನೋಡಿದೆನೆಂಬುದನ್ನು ಗುರುಗಳ ಮುಂದೆ ಒಪ್ಪಿಕೊಳ್ಳುತ್ತೇನೆ. ನಮ್ಮ ಅಜ್ಜಿಯ ಬೇವಿನ ಕಷಾಯವೇ ಮೇಲು.

ಆ ರಾತ್ರಿಗಳಲ್ಲಿ ಸಂತೋಷವಿರಲಿಲ್ಲವೆಂದು ಹೇಳಲಾರೆ. ಗಿಟಾರು ಬಾರಿಸುವವರು, ತಮ್ಮ ತಮ್ಮ ಊರಿನ ಹಾಡು ಹೇಳುವವರು, ಮರುದಿನ ಅಗಲುವವರನ್ನು ಅಪ್ಪಿಕೊಂಡು ಅಳುವವರು. ಆದರೆ ಹನ್ನೆರಡು ಗಂಟೆಯ ಮೇಲೆ ಎಲ್ಲರೂ ಚದುರಿದಾಗ ಉದ್ಯಾನದ ಕತ್ತಲೆಯಲ್ಲಿ ಕರ್ಲ್ಯೂ ಎಂಬ ಉದ್ದಗಾಲಿನ ಹಕ್ಕಿ ಕೂಗುತ್ತದೆ. ಅದರ ದನಿ ಹೆಂಗಸು ಗೋಳಿಡುವಂತೆಯೇ. ಮೊದಲ ಸಲ ಕೇಳಿದಾಗ ನಾನು ಓಡಿಹೋಗಿ ಹುಡುಕಿದೆನು. ಅದು ಹಕ್ಕಿಯೆಂದು ತಿಳಿದ ಮೇಲೂ ಆ ಕೂಗಿನಲ್ಲಿ ಚಿಕ್ಕಮ್ಮನವರ ಅಳು ಕೇಳಿಸುತ್ತಿತ್ತು.

ಸೆಪ್ಟೆಂಬರಿನಲ್ಲಿ ಕೇರ್ನ್ಸ್‌ಗೆ ಮರಳಿದಾಗ ಜರ್ಮನಿಯ ಗೆಳೆಯನೂ ಬಂದಿದ್ದನು. ಅವನು ಊರಿಗೆ ಹೊರಡುವ ಹಿಂದಿನ ರಾತ್ರಿ ನಾವು ನಾಲ್ವರು ಉತ್ತರದ ಮರಳುದಂಡೆಯೊಂದಕ್ಕೆ ಹಳೆಯ ಕಾರಿನಲ್ಲಿ ಹೋದೆವು. ಬೆಳುದಿಂಗಳು, ಹಿಟ್ಟಿನಂತಹ ಮರಳು, ಕೆರೆಯಂತೆ ಶಾಂತವಾದ ಕಡಲು. ಗೆಳೆಯನು ಬಹಳ ಕುಡಿದಿದ್ದನು. “ಬನ್ನಿ, ಕೊನೆಯ ಈಜು!” ಎಂದು ಅಂಗಿ ಕಳಚಿದನು. ಇಬ್ಬರೂ ಎದ್ದರು. ನನ್ನನ್ನು ನೋಡಿ, “ಈಗಂತೂ ನಿನಗೆ ಈಜು ಬರುತ್ತದಲ್ಲ!” ಎಂದನು.

ಇಪ್ಪತ್ತು ಹೆಜ್ಜೆಯ ಹಿಂದೆ ಹಳದಿಯ ಫಲಕವೊಂದಿತ್ತು. ಇಂಗ್ಲಿಷಿನಲ್ಲಿಯೂ, ಅವನ ತಾಯ್ನುಡಿಯಾದ ಜರ್ಮನಿನಲ್ಲಿಯೂ, ಚೀನೀ ಭಾಷೆಯಲ್ಲಿಯೂ ಎಚ್ಚರಿಕೆ. ನಡುವೆ ಬಾಯ್ದೆರೆದ ಮೊಸಳೆಯ ಚಿತ್ರ. ಈ ಕರಾವಳಿಯ ಉಪ್ಪುನೀರಿನ ಮೊಸಳೆ ಅಳಿವೆಗಳಲ್ಲಿ ಮಾತ್ರವಲ್ಲ, ದಂಡೆಯ ಗುಂಟವೂ ಸಂಚರಿಸುತ್ತದೆ. ಬೇಟೆ ಹೆಚ್ಚಾಗಿ ರಾತ್ರಿಯ ಹೊತ್ತು. 1974ರಿಂದ ಅದನ್ನು ಕೊಲ್ಲುವಂತಿಲ್ಲ. 2016ರ ಮೇ ತಿಂಗಳ ಒಂದು ರಾತ್ರಿ ಡೇನ್‌ಟ್ರೀಯ ಥಾರ್ನ್‌ಟನ್ ದಂಡೆಯಲ್ಲಿ ಸ್ನೇಹಿತೆಯೊಡನೆ ನೀರಿಗಿಳಿದಿದ್ದ ಮಹಿಳೆಯೊಬ್ಬರನ್ನು ಮೊಸಳೆ ಎಳೆದೊಯ್ದಿತು. 2017ರ ಮಾರ್ಚಿನಲ್ಲಿ, ನಾನು ದುಡಿದ ಇನಿಸ್‌ಫೇಲ್‌ನಲ್ಲಿಯೇ, ಕುಡಿದಿದ್ದ 18 ವರ್ಷದ ಹುಡುಗನೊಬ್ಬನು ಬೆನ್ನುಚೀಲದ ತರುಣಿಯೊಬ್ಬಳನ್ನು ಮೆಚ್ಚಿಸಲು ರಾತ್ರಿ ಹೊಳೆಗೆ ಹಾರಿ, ಮೊಸಳೆಯ ಬಾಯಲ್ಲಿ ತೋಳನ್ನು ಕೊಟ್ಟು, ಹೇಗೋ ಬದುಕಿ ಬಂದನು.

ಇದೆಲ್ಲವೂ ನನಗೆ ತಿಳಿದಿತ್ತು. ಆದರೂ ಒಂದು ಕ್ಷಣ ಎದ್ದು ಹೋಗಬೇಕೆನ್ನಿಸಿತು. ಏಕೆಂದರೆ ಆಗ ನನ್ನ ಬಳಿ ‘ಬಾರದು’ ಎಂಬ ನೆಪವೂ ಉಳಿದಿರಲಿಲ್ಲ. ಹೋಗದಿದ್ದರೆ ನಾನು ಹೇಡಿ, ಅಷ್ಟೇ. ಹಾಗೆಯೇ ಆಗಲೆಂದು ಅವನ ಕೈ ಹಿಡಿದೆನು. “ನನಗೆ ಹೆದರಿಕೆ. ನಾನು ಬರುವುದಿಲ್ಲ, ನಿನ್ನನ್ನೂ ಬಿಡುವುದಿಲ್ಲ” ಎಂದೆನು. ಅವನು ಕೊಸರಿಕೊಂಡನು, ಬೈದನು, ನನ್ನನ್ನು ಮರಳಿನ ಮೇಲೆ ಕೆಡವಿದನು. ನಾನು ಕೈ ಬಿಡಲಿಲ್ಲ. ಬಿದ್ದಲ್ಲಿಯೇ ನಾಲೆಯ ಕಥೆಯನ್ನು ಹೇಳಿದೆನು. ಇಂಗ್ಲಿಷು ತಪ್ಪಿತು, ಕನ್ನಡವೂ ಬೆರೆಯಿತು. ಅವನು ಕೇಳುತ್ತ ಕೇಳುತ್ತ ಕುಳಿತುಬಿಟ್ಟನು. ಬೆಳಗಿನವರೆಗೂ ನಾವು ಅಲ್ಲಿಯೇ, ಫಲಕದ ಈಚೆಗೆ, ಕುಳಿತಿದ್ದೆವು. ಅಂದು ಆ ನೀರಿನಲ್ಲಿ ಮೊಸಳೆ ಇದ್ದಿತೋ ಇಲ್ಲವೋ ನಾನರಿಯೆ. ಮರುದಿನ ಅವನು ವಿಮಾನ ಹತ್ತಿದನು. ಊರು ಮುಟ್ಟಿದೆನೆಂದು ತಿಳಿಸಿ, ಸಾರಿನ ಪುಡಿ ಮಾಡುವ ಬಗೆಯನ್ನು ಕೇಳಿದ್ದಾನೆ.

ಈ ಪ್ರವಾಸದಿಂದ ನಾನು ತಂದ ಸಂಪಾದನೆಯಲ್ಲಿ ಡಾಲರುಗಳು ಸಾಲಕ್ಕೆ ಹೋದವು. ಉಳಿದುದು ಎರಡು: ಸ್ವಲ್ಪ ಈಜು, ಮತ್ತು ‘ನನಗೆ ಬಾರದು’, ‘ನಾನು ಬರುವುದಿಲ್ಲ’ ಎಂಬ ಎರಡು ಮಾತು. ನಮ್ಮ ದೇಶದಲ್ಲಿ ವರ್ಷವರ್ಷವೂ ಮೂವತ್ತು ಸಾವಿರಕ್ಕೂ ಹೆಚ್ಚು ಜನ ನೀರಿನಲ್ಲಿ ಮುಳುಗಿ ಸಾಯುತ್ತಾರೆ. ಕೆರೆ, ಹೊಳೆ, ನಾಲೆಗಳಿಗೆ ವಿಹಾರ ಹೋದ ವಿದ್ಯಾರ್ಥಿಗಳ ಸುದ್ದಿ ಇಲ್ಲದ ಬೇಸಗೆಯನ್ನು ನಾನು ಕಂಡಿಲ್ಲ. ನಾಲೆಗಳ ನಾಡಿನಲ್ಲಿ ಹುಟ್ಟಿದ ನಮಗೆ ಈಜನ್ನು ಕಲಿಸುವವರಿಲ್ಲ. ಇಳಿಯಬೇಡವೆಂದು ಹೆದರಿಸುವ ತಾಯಂದಿರೂ, ಇಳಿಯೆಂದು ಕೆಣಕುವ ಗೆಳೆಯರೂ ಮಾತ್ರ ಇದ್ದಾರೆ. ಕಾಲೇಜಿನ ವ್ಯಾಯಾಮ ವಿಭಾಗದವರು ವರ್ಷಕ್ಕೆ ಹದಿನೈದು ದಿನವಾದರೂ ಊರಿನ ಈಜುಕೊಳದಲ್ಲಿ ನಮಗೆ ತೇಲುವುದನ್ನು ಕಲಿಸಬೇಕೆಂದು ಪ್ರಾರ್ಥಿಸುತ್ತೇನೆ. ಪ್ರವಾಸಕ್ಕೆ ಹೊರಡುವಾಗ ಅಧ್ಯಾಪಕರು ಆ ದೋಣಿಯವರಂತೆ ಪ್ರತಿಯೊಬ್ಬನನ್ನೂ ಕೇಳಲಿ. ಕೇಳಿದಾಗ ನಿಜ ಹೇಳುವುದು ನಮ್ಮ ಕೆಲಸ.

ಊರಿಗೆ ಬಂದ ಮೇಲೆ ತಾಯಿಯವರಿಗೆ ಎಲ್ಲವನ್ನೂ ಹೇಳಿದೆನು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, “ತಮ್ಮನ್ಗೂ ಕಲ್ಸು ಮಗ” ಎಂದರು.